ಗುಡ್ಡದ ಮೇಲಿನ ಪ್ರಯೋಗಾಲಯದಲ್ಲಿ ನಿಮ್ಮ ಮಗಳು ಏನು ಮಾಡುತ್ತಾಳೆ?

ಪತ್ರೊಡೆಗೆಂದು ಕೆಸುವಿನ ಎಲೆ ತೊಳೆಯುವಾಗ ನೀವು ಒಂದು ಸೋಜಿಗವನ್ನು ಗಮನಿಸಿರಬೇಕಲ್ಲವೇ? ನಲ್ಲಿಯ ಕೆಳಗೆ ಎಷ್ಟು ಹೊತ್ತು ಹಿಡಿದರೂ ಎಲೆಯ ಮೇಲ್ಭಾಗ ಒದ್ದೆಯಾಗುವುದಿಲ್ಲ. ನೀರು ಮುತ್ತಿನ ಹಾಗೆ ಗುಂಡಗಾಗಿ ಉರುಳಿಹೋಗುತ್ತದೆ. ಹೋಗುವಾಗ ಧೂಳನ್ನೂ ಜೊತೆಗೆ ಒಯ್ಯುತ್ತದೆ. ಕಮಲದ ಎಲೆಯೂ ಹೀಗೆಯೇ. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಉಬ್ಬುಗಳಿವೆ, ಅವುಗಳ ಮೇಲೆ ಇನ್ನೂ ಸಣ್ಣ ಮೇಣದ ಹರಳುಗಳಿವೆ. ನೀರಿನ ಹನಿ ಆ ತುದಿಗಳ ಮೇಲೆಯೇ ನಿಂತುಬಿಡುತ್ತದೆ, ಎಲೆಗೆ ಅಂಟುವುದಿಲ್ಲ. ಈ ಗುಟ್ಟನ್ನು 1997ರಲ್ಲಿ ಜರ್ಮನಿಯ ಸಸ್ಯವಿಜ್ಞಾನಿಗಳಾದ ಬಾರ್ಥ್‌ಲಾಟ್ ಮತ್ತು ನೈನ್‌ಹುಯಿಸ್ ವಿವರವಾಗಿ ತೋರಿಸಿಕೊಟ್ಟರು.

ಅಷ್ಟು ಸಣ್ಣ ವಸ್ತುಗಳ ಲೋಕಕ್ಕೇ ಈಗ ‘ನ್ಯಾನೊ’ ಎಂದು ಹೆಸರು. ಆ ಲೋಕದ ಬಾಗಿಲಿಗೆ ನನ್ನನ್ನು ಕರೆದೊಯ್ದವರು ನಮ್ಮ ಓಣಿಯ ಒಬ್ಬ ತಾಯಿ.

ಆಕೆಯ ಮಗಳು ಎಂ.ಎಸ್ಸಿ. ಮುಗಿಸಿ, ಧಾರವಾಡದಲ್ಲಿಯೇ ಪಿಎಚ್.ಡಿ.ಗೆ ಸೇರಿ ಒಂದು ವರ್ಷವಾಗಿತ್ತು. ಅಷ್ಟರಲ್ಲಿ ಒಳ್ಳೆಯ ಮನೆತನದ ಸಂಬಂಧ ಬಂತು. ಒಂದು ಸಂಜೆ ಆ ತಾಯಿ ನಮ್ಮ ಕಟ್ಟೆಯ ಮೇಲೆ ಬಂದು ಕುಳಿತರು. “ಅಕ್ಕಾರ, ನೀವರ ಒಂದ್ ಮಾತು ಹೇಳ್ರಿ. ಮುಂಜಾನೆ ಹೋದಾಕಿ ಸಂಜಿಗೆ ಬರ್ತಾಳ. ಏನ್ ಮಾಡ್ತೀಯವ್ವಾ ಅಂದ್ರ ಪುಡಿ ಮಾಡ್ತೀನಿ ಅಂತಾಳ. ಬೆರಳೆಲ್ಲಾ ಕಪ್ಪಾಗ್ಯಾವ. ಪುಡಿ ಮಾಡಾಕ ಅಷ್ಟ್ ಓದಬೇಕೇನ್ರಿ? ಗಂಡಿನವರಿಗೆ ನಾ ಏನಂತ ಹೇಳ್ಲಿ?”

ನನಗೂ ಉತ್ತರ ಗೊತ್ತಿರಲಿಲ್ಲ. “ಬರ್ರಿ, ಹೋಗಿ ನೋಡೇ ಬರೋಣು” ಎಂದೆ.

ಎಷ್ಟು ಸಣ್ಣದು?

ಹೋಗುವ ಮುಂಚೆ ಸ್ವಲ್ಪ ಲೆಕ್ಕ ತಿಳಿಯೋಣ. ಒಂದು ಮೀಟರನ್ನು ನೂರು ಕೋಟಿ ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು ಒಂದು ನ್ಯಾನೊಮೀಟರ್. ನಮ್ಮ ತಲೆಗೂದಲಿನ ದಪ್ಪ ಸುಮಾರು 80,000 ನ್ಯಾನೊಮೀಟರ್! ಸಾಮಾನ್ಯವಾಗಿ 1ರಿಂದ 100 ನ್ಯಾನೊಮೀಟರ್ ಅಳತೆಯ ಕಣಗಳನ್ನು ನ್ಯಾನೊ ಕಣಗಳೆನ್ನುತ್ತಾರೆ.

ಇವು ನಮಗೆ ಅಪರಿಚಿತವೇನಲ್ಲ. ಹಣತೆಯ ಮೇಲೆ ತಟ್ಟೆ ಹಿಡಿದು ಕಾಡಿಗೆ ಮಾಡುತ್ತಿದ್ದ ಅಜ್ಜಿಯ ಕೈಗೆ ಹತ್ತುತ್ತಿದ್ದ ಮಸಿಯಲ್ಲಿ ಇಂಥ ಕಣಗಳಿದ್ದವು. ಪೇಡೆಗೆ ಕಾಯಿಸುವ ಹಾಲಿನಲ್ಲಿರುವ ಪ್ರೋಟೀನಿನ ಉಂಡೆಗಳೂ ಹೆಚ್ಚುಕಡಿಮೆ ನೂರಿನ್ನೂರು ನ್ಯಾನೊಮೀಟರಿನವು. ಹಾಲಿಗೆ ಬಿಳಿ ಬಣ್ಣ ಬರುವುದು ಈ ಉಂಡೆಗಳು ಮತ್ತು ಕೊಬ್ಬಿನ ಹನಿಗಳು ಬೆಳಕನ್ನು ಚದುರಿಸುವುದರಿಂದ.

ಅಷ್ಟು ಸಣ್ಣದಾದಾಗ ವಸ್ತುವಿನ ಗುಣವೇ ಬದಲಾಗುತ್ತದೆ. ಬಂಗಾರ ಹಳದಿ ಎಂದು ನಮಗೆಲ್ಲ ಗೊತ್ತು. ಅದೇ ಬಂಗಾರದ ನ್ಯಾನೊ ಕಣಗಳು ನೀರಿನಲ್ಲಿ ಕುಂಕುಮದ ನೀರಿನಂತೆ ಕೆಂಪಗೆ ಕಾಣುತ್ತವೆ! ಇಂಗ್ಲೆಂಡಿನ ಫ್ಯಾರಡೆ 1857ರಲ್ಲಿಯೇ ಇಂಥ ಕೆಂಪು ದ್ರಾವಣ ಮಾಡಿದ್ದರು. ‘ನ್ಯಾನೊ ತಂತ್ರಜ್ಞಾನ’ ಎಂಬ ಹೆಸರಿಟ್ಟವರು ಜಪಾನಿನ ತಾನಿಗುಚಿ, 1974ರಲ್ಲಿ. ನಮ್ಮ ಕೇಂದ್ರ ಸರ್ಕಾರ ಇದಕ್ಕೆಂದೇ ‘ನ್ಯಾನೊ ಮಿಷನ್’ ಆರಂಭಿಸಿದ್ದು 2007ರಲ್ಲಿ.

ಒಳಗೆ ಕಂಡದ್ದು

ಮಗಳು ಬಾಗಿಲಲ್ಲೇ ಕಾಯುತ್ತಿದ್ದಳು. ಒಳಗೆ ಹೋದರೆ ನಮ್ಮ ಅಡುಗೆಮನೆಯ ದೊಡ್ಡ ಅಕ್ಕ ಇದ್ದ ಹಾಗಿತ್ತು! ಮಿಲಿಗ್ರಾಂ ತೂಗುವ ತಕ್ಕಡಿ, ಬಿಸಿ ಮಾಡುತ್ತಲೇ ತಿರುವುವ ಒಲೆ, ಗರಗರನೆ ಸುತ್ತಿಸಿ ಗಸಿಯನ್ನು ಬೇರೆ ಮಾಡುವ ಯಂತ್ರ, ನೂರಾರು ಡಿಗ್ರಿ ಕಾಯುವ ಭಟ್ಟಿ.

ಅವಳು ಸಿಲ್ವರ್ ನೈಟ್ರೇಟ್ ಎಂಬ ಬೆಳ್ಳಿಯ ಉಪ್ಪನ್ನು ನೀರಿನಲ್ಲಿ ಕರಗಿಸಿದಳು. ನೀರು ತಿಳಿಯಾಗಿಯೇ ಇತ್ತು. ಅದಕ್ಕೆ ಎಲೆಯ ಕಷಾಯವನ್ನು ಹನಿಹನಿಯಾಗಿ ಬಿಟ್ಟು, ಹದವಾಗಿ ಬಿಸಿ ಮಾಡಿದಳು. ನೋಡನೋಡುತ್ತಿದ್ದಂತೆ ನೀರು ಹಳದಿಯಾಯಿತು, ಆಮೇಲೆ ಚಹಾದ ಬಣ್ಣಕ್ಕೆ ತಿರುಗಿತು. ಬೆಳ್ಳಿಯ ನ್ಯಾನೊ ಕಣಗಳು ಹುಟ್ಟಿದ್ದವು! ಎಲೆಯಲ್ಲಿನ ಸತ್ವವೇ ಉಪ್ಪಿನಿಂದ ಬೆಳ್ಳಿಯನ್ನು ಬಿಡಿಸಿ, ಕಣಗಳು ಒಂದಕ್ಕೊಂದು ಅಂಟದಂತೆ ಸುತ್ತುವರಿದಿತ್ತು. ರೋಗಾಣುಗಳನ್ನು ಕೊಲ್ಲುವ ಶಕ್ತಿ ಬೆಳ್ಳಿಗಿದೆ. ಗಾಯದ ಪಟ್ಟಿಗೆ ಇದನ್ನು ಹೇಗೆ ಬಳಸಬಹುದೆಂಬ ಶೋಧನೆ ಎಷ್ಟೋ ಕಡೆ ನಡೆದಿದೆ.

“ಉರಿ ಜಾಸ್ತಿ ಆದ್ರ?” ತಾಯಿ ಕೇಳಿದರು.

“ಕಣ ದೊಡ್ಡವು ಆಗಿ ಗಂಟು ಕಟ್ತಾವವ್ವಾ. ಎಲ್ಲಾ ಕೆಡ್ತೈತಿ. ಮತ್ತ ಮೊದಲಿಂದ.”

“ಅಂದ್ರ ಪೇಡೆ ಇದ್ದಂಗ. ಕೈ ಬಿಟ್ರ ತಳಾ ಹತ್ತತೈತಿ” ಎಂದರು ತಾಯಿ. ಮಗಳು ನಕ್ಕಳು. ಬೆರಳು ಕಪ್ಪಾದ ಗುಟ್ಟೂ ಹೊರಬಿತ್ತು. ಸಿಲ್ವರ್ ನೈಟ್ರೇಟ್ ತಾಗಿದರೆ ಚರ್ಮ ಕಪ್ಪಾಗುತ್ತದೆ. ಒಂದು ದಿನ ಅವಸರದಲ್ಲಿ ಕೈಚೀಲ ಹಾಕಿಕೊಳ್ಳುವುದನ್ನು ಅವಳು ಮರೆತಿದ್ದಳು.

ನಮ್ಮೂರಿನಲ್ಲೇ ಇದೆ

ಇಂಥ ಕೆಲಸಕ್ಕೆ ದೂರದ ಊರೇ ಆಗಬೇಕೆಂದಿಲ್ಲ. ‘ಛೋಟಾ ಮಹಾಬಳೇಶ್ವರ’ ಎನ್ನುವ ಗುಡ್ಡದ ಮೇಲಿರುವ ಕರ್ನಾಟಕ ವಿಶ್ವವಿದ್ಯಾಲಯ 1949ರಲ್ಲಿ ಸ್ಥಾಪನೆಯಾಯಿತು. ಅಲ್ಲಿಯ ವೈಜ್ಞಾನಿಕ ಉಪಕರಣ ಕೇಂದ್ರದಲ್ಲಿ ಸೂಕ್ಷ್ಮ ವಸ್ತುಗಳನ್ನು ಪರೀಕ್ಷಿಸುವ ದೊಡ್ಡ ಯಂತ್ರಗಳಿವೆ. ಹೊರಗಿನ ಸಂಶೋಧಕರೂ ಶುಲ್ಕ ಕೊಟ್ಟು ತಮ್ಮ ಮಾದರಿಗಳನ್ನು ಪರೀಕ್ಷೆ ಮಾಡಿಸಿಕೊಳ್ಳುತ್ತಾರೆ. ಅದೇ ವಿಶ್ವವಿದ್ಯಾಲಯದ ಪಾಲಿಮರ್ ವಿಜ್ಞಾನ ಕೇಂದ್ರದಲ್ಲಿ ಪ್ರೊ. ಟಿ.ಎಂ. ಅಮಿನಭಾವಿಯವರು ದ್ರವಗಳನ್ನು ಬೇರ್ಪಡಿಸುವ ತೆಳು ಪೊರೆಗಳನ್ನೂ, ಔಷಧವನ್ನು ದೇಹದಲ್ಲಿ ಮೆಲ್ಲಗೆ ಬಿಡುವ ಕಣಗಳನ್ನೂ ಕುರಿತು ಶೋಧನೆ ನಡೆಸಿ ಹೆಸರಾದರು.

1986ರಲ್ಲಿ ಆರಂಭವಾದ ಧಾರವಾಡದ ಕೃಷಿ ವಿಶ್ವವಿದ್ಯಾಲಯದಲ್ಲಿ ‘ಹಸಿರು ನ್ಯಾನೊ ತಂತ್ರಜ್ಞಾನ’ದ ಪ್ರಯೋಗಾಲಯವೇ ಇದೆ. ಸತುವಿನಂಥ ಪೋಷಕಾಂಶಗಳನ್ನು ನ್ಯಾನೊ ರೂಪದಲ್ಲಿ ಬೆಳೆಗೆ ಕೊಡುವುದು ಅಂಥ ಶೋಧನೆಯ ಒಂದು ದಾರಿ. ಹುಬ್ಬಳ್ಳಿಯಲ್ಲಿ 1947ರ ಬಿ.ವಿ.ಬಿ. ಇಂಜಿನಿಯರಿಂಗ್ ಕಾಲೇಜು 2015ರಲ್ಲಿ ಕೆ.ಎಲ್.ಇ. ತಾಂತ್ರಿಕ ವಿಶ್ವವಿದ್ಯಾಲಯವಾಗಿ ಬೆಳೆಯಿತು. ಧಾರವಾಡಕ್ಕೆ 2016ರಲ್ಲಿ ಐ.ಐ.ಟಿ.ಯೂ ಬಂತು.

ಇನ್ನೂ ಮುಂದೆ ಹೋಗುವವರಿಗೆ ಬೆಂಗಳೂರಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೊ ಕೇಂದ್ರದಲ್ಲಿ ‘ಕ್ಲೀನ್ ರೂಂ’ ಎಂಬ ಧೂಳಿಲ್ಲದ ಕೋಣೆಗಳಿವೆ. ಇಂಥ ಕೋಣೆಗೆ ಮೈತುಂಬ ಬಿಳಿ ನಿಲುವಂಗಿ ತೊಟ್ಟೇ ಹೋಗಬೇಕು. ಮುಖಕ್ಕೆ ಪೌಡರ್ ಹಚ್ಚಿಕೊಂಡು ಹೋಗುವಂತಿಲ್ಲ! ಪೌಡರಿನ ಒಂದು ಕಣವೂ ಅಲ್ಲಿ ಬಂಡೆಗಲ್ಲಿದ್ದಂತೆ. 2008ರಿಂದ ನಡೆದುಬಂದ ಕೇಂದ್ರ ಸರ್ಕಾರದ ಯೋಜನೆಯೊಂದರಲ್ಲಿ ಬೇರೆ ಊರಿನ ಕಾಲೇಜುಗಳ ವಿದ್ಯಾರ್ಥಿಗಳಿಗೂ ಅಲ್ಲಿ ತರಬೇತಿ ಸಿಕ್ಕಿದೆ.

ತಾಯಂದಿರಿಗೆ ನಾಲ್ಕು ಮಾತು

ಮೊದಲನೆಯದು, ಸುರಕ್ಷತೆ. ಒಣಗಿದ ನ್ಯಾನೊ ಪುಡಿ ಉಸಿರಿನೊಂದಿಗೆ ಒಳಗೆ ಹೋಗಬಾರದು. ಕೈಚೀಲ, ಮುಖಕ್ಕೆ ಮಾಸ್ಕ್, ಹತ್ತಿಯ ಮೇಲಂಗಿ, ಹೊಗೆಯನ್ನು ಹೊರಗೆಳೆಯುವ ಗೂಡು, ಇವೆಲ್ಲ ಇವೆಯೇ ಎಂದು ಮಗಳನ್ನು ಕೇಳಿರಿ. ಜಡೆ ಕಟ್ಟಿಕೊಂಡಿರಲಿ, ಸೆರಗು ದುಪಟ್ಟಾ ಇಳಿಬಿಡದಿರಲಿ. ಪ್ರಯೋಗಾಲಯದ ಮೇಜಿನ ಮೇಲೆ ಬುತ್ತಿ ಬಿಚ್ಚದಿರಲಿ.

ಎರಡನೆಯದು, ಹಣ. ನೆಟ್ ಪರೀಕ್ಷೆಯಲ್ಲಿ ಜೆ.ಆರ್.ಎಫ್. ದೊರೆತವರಿಗೆ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ ಎಂದು ನಿಗದಿಯಾಗಿದೆ. ಎಲ್ಲರಿಗೂ ಇದು ಸಿಗುವುದಿಲ್ಲ, ನಿಜ. ಆದರೆ ಸಿಕ್ಕವಳು ಅಪ್ಪನ ಮುಂದೆ ಕೈಚಾಚಬೇಕಿಲ್ಲ.

ಮೂರನೆಯದು, ಮದುವೆ. ಸಂಶೋಧನೆ ಅರ್ಧಕ್ಕೆ ಬಿಟ್ಟರೆ ಮತ್ತೆ ಹಿಡಿಯುವುದು ಕಷ್ಟ. ಸಂಸಾರದ ಕಾರಣಕ್ಕೆ ವಿಜ್ಞಾನ ಬಿಟ್ಟ ಹೆಂಗಸರನ್ನು ಮರಳಿ ಕರೆತರಲೆಂದೇ ಕೇಂದ್ರದ ವಿಜ್ಞಾನ ಇಲಾಖೆ ‘ವೈಸ್-ಕಿರಣ್’ ಯೋಜನೆಯಡಿ ನೆರವು ಕೊಡಬೇಕಾಗಿ ಬಂದಿದೆಯೆಂದರೆ, ಹಾಗೆ ಬಿಟ್ಟವರೆಷ್ಟು ಮಂದಿ ಇರಬೇಕು, ನೀವೇ ಯೋಚಿಸಿರಿ. ಸಂಬಂಧ ಕುದುರುವ ಮೊದಲೇ “ಓದು ಮುಗಿಸಲು ಬಿಡುತ್ತೀರಾ?” ಎಂದು ಬಾಯಿಬಿಟ್ಟು ಕೇಳುವುದರಲ್ಲಿ ತಪ್ಪೇನೂ ಇಲ್ಲ.

ನಾಲ್ಕನೆಯದು ನಮಗೇ. ಅಂಗಡಿಯಲ್ಲಿ ‘ನ್ಯಾನೊ’ ಎಂದು ಬರೆದದ್ದೆಲ್ಲ ನ್ಯಾನೊ ಆಗಿರುವುದಿಲ್ಲ. ನೀರಿನ ಫಿಲ್ಟರ್ ಇರಲಿ, ಮುಖದ ಕ್ರೀಮ್ ಇರಲಿ, ಅದರಲ್ಲಿ ಏನಿದೆ, ಯಾರು ಪರೀಕ್ಷಿಸಿದ್ದಾರೆ ಎಂದು ಓದಿ ಕೊಳ್ಳಿರಿ. ಮನೆಯಲ್ಲಿ ಓದಿದ ಮಗಳಿದ್ದರೆ ಅವಳನ್ನೇ ಕೇಳಿರಿ.

ಗುಡ್ಡ ಇಳಿದು ಬರುವಾಗ ಆ ತಾಯಿ ಬಹಳ ಹೊತ್ತು ಮಾತನಾಡಲಿಲ್ಲ. ಬಸ್ಸು ಹತ್ತುವ ಮುಂಚೆ ಮಾತ್ರ ಹೇಳಿದರು: “ಗಂಡಿನವರಿಗೆ ಹೇಳ್ತೀನ್ರಿ ಅಕ್ಕಾರ. ನಮ್ಮ ಹುಡುಗಿ ಬೆಳ್ಳಿ ಕೆಲಸಾ ಮಾಡ್ತಾಳ, ಇನ್ನೂ ಮೂರು ವರ್ಷದ್ದು ಐತಿ. ಕಾಯೂದಿದ್ರ ಕಾಯಲಿ.”

ಅವರು ಕಾದರೋ ಇಲ್ಲವೋ, ಅದು ಆ ಮನೆಯ ಮಾತು. ನಿಮ್ಮ ಮಗಳೂ ಇಂಥ ಕೆಲಸದಲ್ಲಿದ್ದರೆ, ಬೇಡವೆನ್ನುವ ಮೊದಲು ಒಂದು ದಿನ ಬಿಡುವು ಮಾಡಿಕೊಂಡು, ಅನುಮತಿ ಕೇಳಿ, ಅವಳ ಪ್ರಯೋಗಾಲಯಕ್ಕೆ ಹೋಗಿಬನ್ನಿ. ನೋಡಿ ಬಂದಮೇಲೆ ಆಡುವ ಮಾತಿನ ತೂಕವೇ ಬೇರೆ.