ಕೂಗೋ ಫ್ರಿಜ್‌ನ ಬಾಯಿ ಮುಚ್ಚಿಸೋ ಮುಂಚೆ

ದಸರಾ ರಜೆಗೆ ಊರಿಗೆ ಹೋಗಿದ್ದೆ. ರಾತ್ರಿ ಒಂದೂವರೆಗೆ ಅಡುಗೆಮನೆಯಿಂದ ಬೀಪ್, ಬೀಪ್. ಎದ್ದು ನೋಡಿದ್ರೆ ಫ್ರಿಜ್‌ನ ಡೋರ್ ಅಲಾರಂ. ಬಾಗಿಲು ಮುಚ್ಚೇ ಇದೆ! ಒಂದ್ಸಲ ತೆಗೆದು ಜೋರಾಗಿ ಮುಚ್ಚಿದೆ, ಸುಮ್ಮನಾಯ್ತು. ಇನ್ನೇನು ಕಣ್ಣು ಹತ್ತಬೇಕು, ಮತ್ತೆ ಬೀಪ್. ಅಪ್ಪ ರೂಮಿನಿಂದಲೇ "ಇಂಜಿನಿಯರಿಂಗ್ ಓದ್ತೀಯಲ್ಲ, ಅದನ್ನ ಸುಮ್ನಿರಿಸೋ ಮಾರಾಯ" ಅಂದ್ರು.

ಸುಮ್ಮನಿರಿಸಿದೆ. ಬಾಗಿಲ ಚೌಕಟ್ಟಿನ ಮೇಲ್ಭಾಗದಲ್ಲಿ ಒಂದು ಪ್ಲಾಸ್ಟಿಕ್ ಗುಂಡಿ ಇತ್ತು. ಅದನ್ನ ಒತ್ತಿ ಹಿಡಿದ್ರೆ ಲೈಟ್ ಆರುತ್ತೆ, ಅಲಾರಂ ನಿಲ್ಲುತ್ತೆ. ಒತ್ತಿ, ಮೇಲೆ ಟೇಪ್ ಅಂಟಿಸಿ ಹೋಗಿ ಮಲಗಿದೆ.

ಬೆಳಿಗ್ಗೆ ಅಜ್ಜಿ "ಫ್ರಿಜ್ ಒಳಗೆ ಕತ್ಲೆ ಯಾಕೋ?" ಅಂತ ಕೇಳಿದ್ರು. ಅಷ್ಟರಲ್ಲಿ ಒಲೆ ಮೇಲೆ ಇಟ್ಟಿದ್ದ ಹಾಲು ಒಡೆದಿತ್ತು. ಹಾಲು ಹೋದ್ರೆ ಹೋಗ್ಲಿ, ಅದೇ ಫ್ರಿಜ್‌ನಲ್ಲಿ ಅಜ್ಜಿಯ ಇನ್ಸುಲಿನ್ ಇತ್ತು. ಸೀಲ್ ಒಡೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇರಬೇಕು. ಡಾಕ್ಟರ್‌ಗೆ ಫೋನ್ ಮಾಡಿದ್ವಿ. ಒಂದು ರಾತ್ರಿಗೆ ಕೆಡಲ್ಲ, ಆದ್ರೆ ಇವನ್ನೇ ಮೊದಲು ಬಳಸಿ ಮುಗಿಸಿ ಅಂದ್ರು. ಅಜ್ಜಿ ನನಗೆ ಏನೂ ಅನ್ನಲಿಲ್ಲ. ಅದಕ್ಕೇ ಜಾಸ್ತಿ ಬೇಜಾರಾಯ್ತು. ಆಮೇಲೆ ಕೂತು, ನಾನು ಟೇಪ್ ಹಚ್ಚಿದ್ದು ಯಾವುದಕ್ಕೆ ಅಂತ ಅರ್ಥ ಮಾಡಿಕೊಂಡೆ.

ಅಲಾರಂ ಕೆಲಸ ಮಾಡೋದು ಹೇಗೆ?

ಫ್ರಿಜ್‌ಗೆ ತನ್ನ ಬಾಗಿಲು ಕಾಣಲ್ಲ. ಅದಕ್ಕೆ ಗೊತ್ತಿರೋದು ಒಂದು ಸ್ವಿಚ್‌ನ ಸ್ಥಿತಿ ಮಾತ್ರ. ಈ ಸ್ವಿಚ್ ಸಾಮಾನ್ಯವಾಗಿ ಎರಡು ಥರ. ಒಂದು, ನಮ್ಮನೆಯಲ್ಲಿರೋ ಥರದ ಒತ್ತುಗುಂಡಿ. ಇನ್ನೊಂದು ರೀಡ್ ಸ್ವಿಚ್: ಪುಟ್ಟ ಗಾಜಿನ ಕೊಳವೆಯೊಳಗೆ ಎರಡು ತೆಳು ಲೋಹದ ಪಟ್ಟಿಗಳು. ಬಾಗಿಲಲ್ಲಿ ಅಡಗಿರೋ ಮ್ಯಾಗ್ನೆಟ್ ಹತ್ತಿರ ಬಂದ್ರೆ ಅವೆರಡೂ ಒಂದಕ್ಕೊಂದು ತಾಗುತ್ತವೆ. ಸ್ವಿಚ್‌ನ ಸಿಗ್ನಲ್ ಮೈಕ್ರೋಕಂಟ್ರೋಲರ್‌ಗೆ ಹೋಗುತ್ತೆ. 'ತೆರೆದಿದೆ' ಅಂತ ಬಂದ ಕ್ಷಣ ಟೈಮರ್ ಶುರು. ನಿಗದಿಯಾದ ಒಂದೆರಡು ನಿಮಿಷದೊಳಗೆ 'ಮುಚ್ಚಿದೆ' ಅಂತ ಬರದಿದ್ರೆ ಬಝರ್. ಅಷ್ಟೇ, ನಮ್ಮ ಲ್ಯಾಬ್ ಪ್ರೋಗ್ರಾಂಗಿಂತ ಕಷ್ಟದ್ದೇನಲ್ಲ. ವೈನ್ ಇಡೋ ಪುಟ್ಟ ಫ್ರಿಜ್ ಆಗಲಿ, ಮನೆಯ ಡಬಲ್ ಡೋರ್ ಆಗಲಿ, ತತ್ವ ಇದೇ.

ಇದು ಬೇಕಾದರೂ ಯಾಕೆ? ಹಿಂದೆ ಅಮೆರಿಕದ ಫ್ರಿಜ್‌ಗಳಿಗೆ ಹೊರಗಿನಿಂದ ಮಾತ್ರ ತೆಗೆಯಲು ಬರುವ ಚಿಲಕ ಇರುತ್ತಿತ್ತು. ಆಟ ಆಡ್ತಾ ಒಳಗೆ ಸೇರಿದ ಮಕ್ಕಳು ಹೊರಬರಲಾಗದೆ ಉಸಿರುಗಟ್ಟಿ ಸತ್ತರು. 1956ರಲ್ಲಿ ಅಲ್ಲಿ ಕಾನೂನೇ ಬಂತು: ಬಾಗಿಲನ್ನು ಒಳಗಿನಿಂದಲೂ ತಳ್ಳಿ ತೆಗೆಯಲು ಆಗಬೇಕು. ಚಿಲಕದ ಜಾಗಕ್ಕೆ ಮ್ಯಾಗ್ನೆಟ್ ಪಟ್ಟಿ ಇರೋ ರಬ್ಬರ್ ಗ್ಯಾಸ್ಕೆಟ್ ಬಂತು. ಒಳ್ಳೆಯದೇ ಆಯ್ತು. ಆದರೆ ಚಿಲಕ ಬಿದ್ದರೆ 'ಟಕ್' ಅಂತ ಕೇಳುತ್ತೆ, ಗ್ಯಾಸ್ಕೆಟ್ ಹಾಗೆ ಹೇಳಲ್ಲ. ಅರ್ಧ ಸೆಂಟಿಮೀಟರ್ ಸಂದಿ ಉಳಿದರೂ ಮುಚ್ಚಿದ ಹಾಗೇ ಕಾಣುತ್ತೆ. ಆ ಸಂದಿಯಿಂದ ಬಿಸಿ, ತೇವದ ಗಾಳಿ ಒಳಗೆ ಬರುತ್ತಲೇ ಇರುತ್ತೆ. ತೇವ ಕಾಯಿಲ್ ಮೇಲೆ ಹಿಮವಾಗಿ ಕೂರುತ್ತೆ, ತಣ್ಣನೆ ಗಾಳಿ ಓಡಾಡೋಕೆ ದಾರಿ ಕಟ್ಟುತ್ತೆ, ಕಂಪ್ರೆಸರ್‌ಗೆ ಬಿಡುವೇ ಇಲ್ಲ.

ಹಾಗಾಗಿ ಬೀಪ್ ಬಂದ್ರೆ ಈ ಮೂರು ಪ್ರಶ್ನೆ, ಇದೇ ಕ್ರಮದಲ್ಲಿ ಕೇಳಿ.

1. ಬಾಗಿಲು ನಿಜವಾಗಿ ಮುಚ್ಚಿದೆಯಾ? ಹತ್ತು ರೂಪಾಯಿ ನೋಟನ್ನು ಗ್ಯಾಸ್ಕೆಟ್‌ಗೆ ಸಿಕ್ಕಿಸಿ ಬಾಗಿಲು ಮುಚ್ಚಿ, ಮೆಲ್ಲಗೆ ಎಳೆಯಿರಿ. ಬಿಗಿ ಇರಬೇಕು. ಸಲೀಸಾಗಿ ಬಂದ್ರೆ ಅಲ್ಲಿ ಸಂದಿ ಇದೆ. ಸುತ್ತಲೂ ಹೀಗೆ ನೋಡಿ. ಅಡುಗೆಮನೆ ಕತ್ತಲು ಮಾಡಿ, ಮೊಬೈಲ್ ಟಾರ್ಚ್ ಹಚ್ಚಿ ಒಳಗಿಟ್ಟರೆ ಬೆಳಕು ಸೋರೋದೂ ಕಾಣಬಹುದು.

2. ಸ್ವಿಚ್ ನಿಜ ಹೇಳ್ತಿದೆಯಾ? ಗುಂಡಿ ಇದ್ರೆ ಬೆರಳಿಂದ ಒತ್ತಿ. ಗುಂಡಿ ಕಾಣದಿದ್ರೆ ಬಾಗಿಲು ತೆಗೆದು, ಒಂದು ಮ್ಯಾಗ್ನೆಟ್ ಹಿಡಿದು ಚೌಕಟ್ಟಿನ ಮೇಲೆ ನಿಧಾನಕ್ಕೆ ಸರಿಸಿ, ಎಲ್ಲಿ ಲೈಟ್ ಆರುತ್ತೆ ನೋಡಿ. ಆರಿದ್ರೆ ಸ್ವಿಚ್ ಸರಿ ಇದೆ, ತೊಂದರೆ ಬಾಗಿಲಿನ ಕಡೆ. ಏನು ಮಾಡಿದ್ರೂ ಆರದಿದ್ರೆ ಮಾತ್ರ ಸ್ವಿಚ್, ವೈರ್ ಅಥವಾ ಬೋರ್ಡ್ ಮೇಲೆ ಅನುಮಾನ ಪಡಬೇಕು.

3. ಇದು ಬಾಗಿಲಿನ ಅಲಾರಮ್ಮೇನಾ? ಕೆಲವು ಫ್ರಿಜ್‌ಗಳು ಒಳಗಿನ ಉಷ್ಣತೆ ಏರಿದ್ರೂ ಕೂಗುತ್ತವೆ. ಬಿಸಿ ಸಾಂಬಾರ್ ಪಾತ್ರೆ ಒಳಗಿಟ್ಟಿರಬಹುದು, ಕರೆಂಟ್ ಹೋಗಿ ಬಂದಿರಬಹುದು. ಡಿಸ್‌ಪ್ಲೇ ಇದ್ರೆ ಅದರಲ್ಲಿ ಬರೋ ಕೋಡ್ ಏನು ಅಂತ ಮ್ಯಾನುಯಲ್‌ನಲ್ಲಿ ಇರುತ್ತೆ.

ನಮ್ಮನೇದು ಮೊದಲನೇ ಪ್ರಶ್ನೆಗೇ ಸಿಕ್ಕಿಬಿತ್ತು. ಹಿಡಿಕೆ ಕಡೆಯ ಮೇಲಿನ ಮೂಲೆಯಲ್ಲಿ ನೋಟು ಜಾರಿ ಬಂತು. ಹಬ್ಬಕ್ಕೆ ಪೇಂಟ್ ಮಾಡಿಸುವಾಗ ಫ್ರಿಜ್ ಸರಿಸಿದ್ರು, ವಾಪಸ್ ಇಟ್ಟಾಗ ಅದು ಚೂರು ಮುಂದಕ್ಕೆ ವಾಲಿತ್ತು. ಜೊತೆಗೆ ದೋಸೆ ಹಿಟ್ಟಿನ ದೊಡ್ಡ ಪಾತ್ರೆ ಬಾಗಿಲನ್ನ ಒಳಗಿಂದ ತಳ್ತಾ ಇತ್ತು. ನಾನು ಜೋರಾಗಿ ಮುಚ್ಚಿದಾಗ ಗುಂಡಿ ಒತ್ತಿ, ಟೈಮರ್ ಸೊನ್ನೆಗೆ ಬರ್ತಿತ್ತು. ಬಾಗಿಲು ಮೆಲ್ಲಗೆ ಹಿಂದೆ ಸರಿದ ಮೇಲೆ ಮತ್ತೆ ಎಣಿಕೆ ಶುರು.

ಮಾಡಿದ್ದಿಷ್ಟು: ಮುಂದಿನ ಕಾಲುಗಳ ಸ್ಕ್ರೂ ತಿರುಗಿಸಿ ಫ್ರಿಜ್ ಚೂರೇ ಚೂರು ಹಿಂದಕ್ಕೆ ವಾಲೋ ಹಾಗೆ ಮಾಡಿದೆ. ಈಗ ಬಾಗಿಲು ತನ್ನ ಭಾರಕ್ಕೆ ತಾನೇ ಮುಚ್ಚಿಕೊಳ್ಳುತ್ತೆ. ಗ್ಯಾಸ್ಕೆಟ್‌ನ ಜಿಡ್ಡನ್ನ ಸೋಪಿನ ಬೆಚ್ಚನೆ ನೀರಲ್ಲಿ ಒರೆಸಿದೆ. ಗಟ್ಟಿಯಾಗಿದ್ದ ಮೂಲೆಗೆ ಬಿಸಿನೀರಿನ ಬಟ್ಟೆ ಹಿಡಿದು ಮೆತ್ತಗೆ ಮಾಡಿದೆ. ಹಿಟ್ಟಿನ ಪಾತ್ರೆ ಕೆಳಗಿನ ಅರೆಗೆ ಹೋಯ್ತು. ಖರ್ಚು ಸೊನ್ನೆ. ಫೋನಲ್ಲೇ ಕೇಳಿದ ಮೆಕ್ಯಾನಿಕ್ "ಬೋರ್ಡ್ ಹೋಗಿರಬೇಕು" ಅಂದಿದ್ರು.

ಎರಡು ಎಚ್ಚರಿಕೆ. ಗುಂಡಿ, ಗ್ಯಾಸ್ಕೆಟ್ ಮುಟ್ಟಿ ನೋಡೋದು ಸರಿ, ಸ್ವಿಚ್ ಬಿಚ್ಚೋದಾದ್ರೆ ಮೊದಲು ಪ್ಲಗ್ ತೆಗೀರಿ. ಹಳೇ ಮಾಡೆಲ್‌ಗಳಲ್ಲಿ ಬಲ್ಬಿಗೆ ಹೋಗೋ 230 ವೋಲ್ಟ್ ಅದೇ ಸ್ವಿಚ್ ಮೂಲಕ ಹಾಯುತ್ತೆ. ಮತ್ತೆ, ಇನ್ಸುಲಿನ್ ಇದ್ರೆ ಮೊದಲು ಅದನ್ನ ಪಕ್ಕದ ಮನೆ ಫ್ರಿಜ್‌ಗೆ ಸಾಗಿಸಿ. ಫ್ರೀಜರ್‌ನಲ್ಲಿ ಮಾತ್ರ ಇಡಬೇಡಿ, ಹೆಪ್ಪುಗಟ್ಟಿದ ಇನ್ಸುಲಿನ್ ಬಳಸೋ ಹಾಗಿಲ್ಲ.

ಈಗ ಅಜ್ಜಿಯ ಇನ್ಸುಲಿನ್ ಡಬ್ಬಿ ಪಕ್ಕ ಒಂದು ಪುಟ್ಟ ಥರ್ಮಾಮೀಟರ್ ಇಟ್ಟಿದ್ದೀನಿ. ಅಜ್ಜಿ ದಿನಾ ಬೆಳಿಗ್ಗೆ ಫೋನಲ್ಲಿ "ಐದಿದೆ ಕಣೋ" ಅಂತ ರಿಪೋರ್ಟ್ ಕೊಡ್ತಾರೆ. ನಿಮ್ಮ ಮನೆ ಫ್ರಿಜ್ ರಾತ್ರಿ ಕೂಗಿದ್ರೆ ಟೇಪ್ ಹುಡುಕಬೇಡಿ, ಹತ್ತು ರೂಪಾಯಿ ನೋಟು ಹುಡುಕಿ.