ಕೂಸು ನೀರನ್ನು ಒಲ್ಲೆನೆಂದರೆ

ಯುಗಾದಿ ಕಳೆದು ಬಿಸಿಲು ಬಲಿಯತೊಡಗಿದಂತೆ ಆಳಂದ, ಅಫಜಲಪುರ, ಜೇವರ್ಗಿ ತಾಲೂಕುಗಳ ತಾಯಂದಿರಿಂದ ಪ್ರತಿವರ್ಷವೂ ನಾನು ಕೇಳುವ ಮಾತೊಂದಿದೆ: “ಡಾಕ್ಟರ್ ಸಾಹೇಬ್ರೆ, ಕೂಸು ಹನಿ ನೀರು ಕುಡಿಯವಲ್ದು ನೋಡ್ರಿ.” ಹಗಲಿನ ಉಷ್ಣತೆ 42 ಡಿಗ್ರಿ ಸೆಲ್ಸಿಯಸ್ ದಾಟುವ ನಮ್ಮ ಸೀಮೆಯಲ್ಲಿ ಈ ಆತಂಕ ಸಹಜವಾದುದು. ಆಗ ನಾನು ಮೊದಲು ಕೇಳುವುದು ಒಂದೇ ಪ್ರಶ್ನೆ: ಕೂಸಿಗೆ ಎಷ್ಟು ತಿಂಗಳು? ಏಕೆಂದರೆ ಮುಂದಿನ ಸಲಹೆಯೆಲ್ಲವೂ ಅದರ ಉತ್ತರವನ್ನೇ ಅವಲಂಬಿಸಿದೆ.

ಆರು ತಿಂಗಳವರೆಗೆ ತಾಯಿಯ ಹಾಲೇ ನೀರು

ಆರು ತಿಂಗಳು ತುಂಬದ ಕೂಸಿಗೆ ನೀರಿನ ಅಗತ್ಯವಿಲ್ಲ. ಎಂತಹ ಬೇಸಿಗೆಯಲ್ಲಿಯೂ ಇಲ್ಲ. ತಾಯಿಯ ಹಾಲಿನಲ್ಲಿ ಸುಮಾರು 88 ಭಾಗ ನೀರೇ ಇರುತ್ತದೆ. ಹಾಲೂಡಿಸುವಾಗ ಮೊದಲು ಬರುವ ತೆಳುವಾದ ಹಾಲು ದಾಹವನ್ನು ತಣಿಸಿದರೆ, ನಂತರ ಬರುವ ಗಟ್ಟಿ ಹಾಲು ಹಸಿವನ್ನು ನೀಗುತ್ತದೆ. ಬಿಸಿಲು ಹೆಚ್ಚಾದಾಗ ಕೂಸು ತಾನಾಗಿಯೇ ಹೆಚ್ಚು ಸಲ ಎದೆಗೆ ಬಾಯಿಡುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು ಮೊದಲ ಆರು ತಿಂಗಳು ತಾಯಿಯ ಹಾಲನ್ನು ಮಾತ್ರ ಕೊಡಬೇಕೆಂದು ಹೇಳುವುದು ಇದೇ ಕಾರಣದಿಂದ. ಸುಶ್ರುತಾಚಾರ್ಯರು ಬಾಲ್ಯವನ್ನು ಕ್ಷೀರಪ, ಕ್ಷೀರಾನ್ನಾದ, ಅನ್ನಾದ ಎಂದು ಮೂರಾಗಿ ವಿಂಗಡಿಸಿ, ಹಾಲನ್ನೇ ಆಶ್ರಯಿಸಿದ ಎಳೆಗೂಸನ್ನು ಪ್ರತ್ಯೇಕವಾಗಿ ಗುರುತಿಸಿದ್ದಾರೆ.

ಈ ಹಂತದಲ್ಲಿ ನೀರು ಕುಡಿಸಿದರೆ ಕೂಸಿನ ಪುಟ್ಟ ಹೊಟ್ಟೆ ನೀರಿನಿಂದ ತುಂಬಿ ಹಾಲು ಕುಡಿಯುವುದು ಕಡಿಮೆಯಾಗುತ್ತದೆ. ಕೂಸು ಚೀಪುವುದು ತಗ್ಗಿದಂತೆ ತಾಯಿಯ ಹಾಲೂ ಬತ್ತುತ್ತದೆ. ಶುದ್ಧವಲ್ಲದ ನೀರು ಭೇದಿಯನ್ನು ತರುತ್ತದೆ. ಮೂತ್ರಪಿಂಡಗಳು ಇನ್ನೂ ಬಲಿತಿರುವುದಿಲ್ಲವಾದ್ದರಿಂದ ಅತಿಯಾದ ನೀರು ರಕ್ತದ ಸೋಡಿಯಂ ಅಂಶವನ್ನು ತಗ್ಗಿಸಿ ಸೆಳವು ಬರಿಸಲೂಬಹುದು. ಪುಡಿಹಾಲು ಕುಡಿಯುವ ಕೂಸಿಗೂ ಬೇರೆ ನೀರು ಬೇಡ. ಆದರೆ ಡಬ್ಬಿಯ ಮೇಲೆ ಬರೆದ ಅಳತೆಯನ್ನು ಮೀರಿ ಆ ಹಾಲನ್ನು ತೆಳುಮಾಡಬಾರದು.

ಈ ಮಾತನ್ನು ಹೇಳುವಾಗ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಲೇಬೇಕು. ವೃತ್ತಿಯ ಆರಂಭದ ವರ್ಷಗಳಲ್ಲಿ “ಬೇಸಿಗೆಯಲ್ಲವೇ, ನಡುನಡುವೆ ನಾಲ್ಕು ಚಮಚ ನೀರು ಹಾಕಿರಿ” ಎಂದು ನಾನೂ ಹೇಳುತ್ತಿದ್ದೆ. ಒಂದು ಏಪ್ರಿಲ್‌ನಲ್ಲಿ ಅಜ್ಜಿಯೊಬ್ಬರು ನಾಲ್ಕು ತಿಂಗಳ ಮೊಮ್ಮಗನನ್ನು ಎತ್ತಿಕೊಂಡು ಓಡಿಬಂದರು. ಕೂಸು ನೀರು ಒಲ್ಲೆನೆಂದಾಗ ಕಾಲ ಮೇಲೆ ಮಲಗಿಸಿಕೊಂಡು, ಮೂಗು ಹಿಡಿದು, ಮೂತಿಯುಳ್ಳ ಬಟ್ಟಲಿನಿಂದ ಬಾಯಿಗೆ ಸುರಿದಿದ್ದರು. ನೀರು ಶ್ವಾಸನಾಳ ಸೇರಿ ಕೂಸು ನೀಲಿಗಟ್ಟಿತ್ತು. ದೇವರ ದಯೆಯಿಂದ ಅದು ಉಳಿಯಿತು. “ನೀವs ಹೇಳಿದ್ರಲ್ರೀ ನೀರು ಹಾಕಂತ” ಎಂದ ಆ ತಾಯಿಯ ಮಾತು ಮಾತ್ರ ಇಂದಿಗೂ ನನ್ನ ಕಿವಿಯಲ್ಲಿದೆ. ಅಂದಿನಿಂದ ಆ ಸಲಹೆಯನ್ನು ನಾನು ಕೊಟ್ಟಿಲ್ಲ. ಮೂಗು ಹಿಡಿದು ಏನನ್ನೂ, ಔಷಧವನ್ನೂ ಸಹ, ಕುಡಿಸಬಾರದು.

ಎಳೆಗೂಸಿನ ನಾಲಗೆಗೆ ಪಾದೋದಕ ಮುಟ್ಟಿಸುವ ಮನೆಗಳಿವೆ. ಕುದಿಸಿ ಆರಿಸಿದ ನೀರನ್ನೇ ಪೂಜೆಗೆ ಬಳಸಿ, ಒಂದೇ ಒಂದು ಹನಿಯನ್ನು ತುಟಿಗೆ ಸೋಂಕಿಸಿದರೆ ಭಕ್ತಿಗೆ ಕೊರತೆಯಿಲ್ಲ, ಕೂಸಿಗೂ ಬಾಧೆಯಿಲ್ಲ. ಜೇನು ಬೆರೆಸಿದ ನೀರು ಮಾತ್ರ ಒಂದು ವರ್ಷ ತುಂಬುವವರೆಗೆ ಬೇಡ. ನಮ್ಮ ಶಾಸ್ತ್ರಗಳಲ್ಲಿ ಜೇನು ನೆಕ್ಕಿಸುವ ವಿಧಿ ಇದೆಯೆಂಬುದನ್ನು ಬಲ್ಲೆ. ಆದರೆ ಜೇನಿನಲ್ಲಿ ಇರಬಹುದಾದ ಒಂದು ಬಗೆಯ ಸೂಕ್ಷ್ಮಾಣುವಿನಿಂದ ಎಳೆಗೂಸಿನ ನರಗಳು ಶಕ್ತಿಗುಂದುವ ಬೊಟುಲಿಸಂ ಎಂಬ ರೋಗ ಬರಬಹುದೆಂದು ಈಗ ತಿಳಿದಿದೆ. ತಿಳಿದ ಮೇಲೆ ಬಿಡುವುದೇ ವಿವೇಕ.

ಕೂಸಿನ ದಾಹದ ಚಿಂತೆಯಿದ್ದವರು ಮೊದಲು ಬಾಣಂತಿಗೆ ನೀರು ಕೊಡಿರಿ. ನೀರು ಕುಡಿದರೆ ಹೊಟ್ಟೆ ಬರುತ್ತದೆಂದು ಬಾಣಂತಿಯನ್ನು ಬಾಯಾರಿಸುವ ರೂಢಿ ನಮ್ಮಲ್ಲಿ ಇನ್ನೂ ಇದೆ. ಇದು ನಿಲ್ಲಬೇಕು. ಹೊಲಕ್ಕೆ ಹೋಗುವ ತಾಯಿಯು ಕೂಸಿನ ಜೋಳಿಗೆಯ ಜೊತೆಗೆ ತನಗಾಗಿ ತುಂಬಿದ ತತ್ರಾಣಿಯನ್ನೂ ಒಯ್ಯಬೇಕು. ಪ್ರತಿಸಲ ಹಾಲೂಡಿಸುವಾಗ ಒಂದು ಲೋಟ ನೀರು ಕುಡಿಯುವುದು ಒಳ್ಳೆಯ ಅಭ್ಯಾಸ.

ಆರು ತಿಂಗಳ ನಂತರ

ಮೆತ್ತನೆಯ ಆಹಾರ ಆರಂಭವಾದ ಮೇಲೆ ಊಟದ ಜೊತೆಗೆ ನೀರಿನ ರುಚಿ ತೋರಿಸಬೇಕು. ಮೊದಮೊದಲು ಎರಡು ಮೂರು ಗುಟುಕು ಸಾಕು. ಆರರಿಂದ ಹನ್ನೆರಡು ತಿಂಗಳವರೆಗೆ ದಿನಕ್ಕೆ 120ರಿಂದ 240 ಮಿಲಿಲೀಟರ್, ಎಂದರೆ ಅರ್ಧದಿಂದ ಒಂದು ಲೋಟ, ಸಾಮಾನ್ಯವಾಗಿ ಸಾಲುತ್ತದೆ. ಹಾಲೇ ಇನ್ನೂ ಮುಖ್ಯ. ಒಂದರಿಂದ ಮೂರು ವರ್ಷದ ಮಗುವಿಗೆ ನೀರು, ಹಾಲು, ಅಂಬಲಿ, ಸಾರು, ಹಣ್ಣು ಎಲ್ಲವೂ ಸೇರಿ ಸುಮಾರು 1ರಿಂದ 1.25 ಲೀಟರಿನಷ್ಟು ದ್ರವ ಬೇಕಾಗುತ್ತದೆ. ಬಿಸಿಲಿನಲ್ಲಿ ಆಡುವ ದಿನ ಇನ್ನಷ್ಟು ಬೇಕು. ನೀರನ್ನು ಒಲ್ಲದ ಮಗುವಿನ ದಾಹವನ್ನು ತೆಳು ಮಜ್ಜಿಗೆ, ಹೆಸರುಬೇಳೆಯ ಕಟ್ಟು, ಜೋಳದ ಅಂಬಲಿ, ಮೆತ್ತಗೆ ಹಿಸುಕಿದ ಕಲ್ಲಂಗಡಿ, ಕರಬೂಜ ಇವುಗಳೂ ತಣಿಸುತ್ತವೆ.

ದಿನವಿಡೀ ಹಾಲು ಕುಡಿಯುವ ಮಗುವಿಗೆ ನೀರಡಿಕೆ ಹುಟ್ಟುವುದಾದರೂ ಹೇಗೆ? ಒಂದು ವರ್ಷ ದಾಟಿದ ಮೇಲೆ ಹಸುವಿನ ಅಥವಾ ಎಮ್ಮೆಯ ಹಾಲು ಅರ್ಧ ಲೀಟರ್ ಮೀರಬಾರದು. ಮೀರಿದರೆ ಊಟ ತಗ್ಗಿ ರಕ್ತಹೀನತೆ ಬರುತ್ತದೆ. ಚಹಾದಲ್ಲಿ ಟೋಸ್ಟ್ ಅದ್ದಿ ಎರಡು ವರ್ಷದ ಮಗುವಿಗೆ ತಿನ್ನಿಸುವ ನಮ್ಮ ಕಡೆಯ ರೂಢಿಯೂ ಒಳ್ಳೆಯದಲ್ಲ. ಚಹಾ ಕಬ್ಬಿಣದ ಅಂಶವನ್ನು ದೇಹಕ್ಕೆ ದಕ್ಕಗೊಡುವುದಿಲ್ಲ. ಸಕ್ಕರೆ ನೀರು, ಶರಬತ್ತು, ಅಂಗಡಿಯ ಬಣ್ಣದ ಪಾನೀಯಗಳ ರುಚಿ ಹತ್ತಿದ ಮಗುವಿಗೆ ಬರಿಯ ನೀರು ಸಪ್ಪೆಯೆನಿಸುತ್ತದೆ.

ಮಗು ಬೇಡವೆನ್ನುವುದು ಯಾವ ನೀರನ್ನು?

ಹಲವು ಹಳ್ಳಿಗಳ ಕೊಳವೆಬಾವಿಯ ನೀರು ಸವಳು. ದೊಡ್ಡವರು ಒಗ್ಗಿಕೊಂಡಿರುತ್ತಾರೆ, ಮಗುವಿನ ಎಳೆಯ ನಾಲಗೆ ಒಗ್ಗುವುದಿಲ್ಲ. ತಾಯಂದಿರು ಮೊದಲು ತಾವೇ ಆ ನೀರನ್ನು ಗಮನವಿಟ್ಟು ರುಚಿ ನೋಡಬೇಕು. ಸವಳನ್ನಾಗಲಿ ಫ್ಲೋರೈಡನ್ನಾಗಲಿ ಕುದಿಸಿ ತೆಗೆಯಲಾಗದು. ಅಂತಹ ಊರಿನಲ್ಲಿ ಶುದ್ಧ ಕುಡಿಯುವ ನೀರಿನ ಘಟಕದ ನೀರನ್ನೇ ಮಗುವಿಗಾಗಿ ತರಬೇಕು. ಭೀಮೆಯ, ಅಮರ್ಜೆಯ, ಹಳ್ಳದ ಅಥವಾ ತೆರೆದ ಬಾವಿಯ ನೀರನ್ನು ಬಟ್ಟೆಯಲ್ಲಿ ಸೋಸಿ, ಉಕ್ಕಿ ಕುದಿಯುವಂತೆ ಕಾಯಿಸಿ, ಮುಚ್ಚಿ ಆರಿಸಿ, ಅಂದಂದೇ ಬಳಸಬೇಕು. ದೇವಲ ಗಾಣಗಾಪುರದ ಸಂಗಮಕ್ಕೆ ಕೂಸನ್ನು ಕರೆದೊಯ್ಯುವವರೂ ಮನೆಯಲ್ಲಿ ಕುದಿಸಿದ ನೀರನ್ನೇ ಜೊತೆಗೆ ಒಯ್ಯಲಿ. ಮಣ್ಣಿನ ಹರವಿಯ ತಂಪು ನೀರು ಮಕ್ಕಳಿಗೆ ಹಿತ. ಆದರೆ ಹರವಿಯಲ್ಲಿ ಕೈ ಅದ್ದದೆ, ಉದ್ದ ಹಿಡಿಕೆಯ ಸೌಟಿನಿಂದ ತೆಗೆಯಬೇಕು.

ಕುಡಿಯುವಂತೆ ಮಾಡುವ ಬಗೆ

ನೀರು ಮಗುವಿನ ಕಣ್ಣಿಗೆ ಬೀಳುವಂತಿರಲಿ. ಅದರದೇ ಆದ ಪುಟ್ಟ ಸ್ಟೀಲ್ ಲೋಟವೊಂದಿರಲಿ. ಅದರಲ್ಲಿ ಎರಡು ಗುಟುಕಿನಷ್ಟೇ ನೀರಿರಲಿ. ತುಂಬಿದ ಲೋಟ ಮಗುವನ್ನು ಅಂಜಿಸುತ್ತದೆ, ಖಾಲಿಯಾದ ಲೋಟ ಹಿಗ್ಗಿಸುತ್ತದೆ. ನಿಪ್ಪಲ್ ಬಾಟಲಿ ಬೇಡ. ಅದನ್ನು ಶುಚಿಯಾಗಿಡುವುದು ಕಷ್ಟ. ಎದ್ದ ಕೂಡಲೇ, ಊಟದ ಜೊತೆಗೆ, ಆಟದಿಂದ ಬಂದಾಗ, ಸಂಜೆ ಲಿಂಗಪೂಜೆಯ ನಂತರ, ಹೀಗೆ ದಿನವೂ ಅದೇ ವೇಳೆಗೆ ನೀಡಿರಿ. ಮುಖ್ಯವಾಗಿ, ಮನೆಯವರು ಮಗುವಿನೆದುರು ಕುಳಿತು ತಾವೂ ಕುಡಿಯಲಿ. ಅಜ್ಜ ಕುಡಿದದ್ದನ್ನು ಮೊಮ್ಮಗು ಕುಡಿಯದೆ ಬಿಡದು. ಮುಖ ತಿರುಗಿಸಿದರೆ ಲೋಟವನ್ನು ಕೆಳಗಿಟ್ಟು ಅರ್ಧ ತಾಸಿನ ನಂತರ ಮತ್ತೆ ನೀಡಿರಿ. ಗದರಿದರೆ ಮಗು ನೀರನ್ನೇ ವೈರಿಯೆಂದು ತಿಳಿಯುತ್ತದೆ.

ಎಷ್ಟು ಲೋಟ ಕುಡಿಯಿತೆಂದು ಎಣಿಸುವುದಕ್ಕಿಂತ ಎಷ್ಟು ಸಲ ಮೂತ್ರ ಮಾಡಿತೆಂದು ನೋಡುವುದು ಲೇಸು. ಎಳೆಗೂಸು ದಿನಕ್ಕೆ ಆರು ಸಲವಾದರೂ ಮೂತ್ರ ಮಾಡಿ, ತೂಕ ಏರುತ್ತಾ, ಆಡುತ್ತಾ ಇದ್ದರೆ ಅದಕ್ಕೆ ನೀರು ಸಾಲುತ್ತಿದೆ ಎಂದೇ ತಿಳಿಯಿರಿ. ದೊಡ್ಡ ಮಗುವಿನ ಮೂತ್ರ ತಿಳಿಯಾಗಿದ್ದರೆ ಚಿಂತೆ ಬೇಡ. ಗಾಢ ಹಳದಿಯಾದರೆ ಇನ್ನಷ್ಟು ನೀರು ಬೇಕೆಂದರ್ಥ.

ತಡಮಾಡಬಾರದ ಸಮಯ

ವಾಂತಿ ಭೇದಿಯಾದಾಗ ಮಾತ್ರ ಕಾದು ನೋಡುವಂತಿಲ್ಲ. ಓಆರ್‌ಎಸ್ ಪೊಟ್ಟಣವನ್ನು ಅದರ ಮೇಲೆ ಬರೆದಷ್ಟೇ ಶುದ್ಧ ನೀರಿನಲ್ಲಿ ಕರಗಿಸಿ, ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನ ಮಗುವಿಗೆ 50ರಿಂದ 100 ಮಿಲಿಲೀಟರಿನಷ್ಟನ್ನು ಚಮಚ ಚಮಚವಾಗಿ ಕುಡಿಸಬೇಕು. ಎರಡು ತಿಂಗಳೊಳಗಿನ ಕೂಸನ್ನು ಮಾತ್ರ ಮನೆಯಲ್ಲಿಟ್ಟುಕೊಳ್ಳದೆ ವೈದ್ಯರಲ್ಲಿಗೆ ಒಯ್ಯಬೇಕು. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ನಿಧಾನವಾಗಿ ಕೊಡಿರಿ. ಕಲಸಿದ ದ್ರಾವಣವನ್ನು 24 ಗಂಟೆ ಮೀರಿ ಇಡಬಾರದು. ಎದೆಹಾಲು ನಿಲ್ಲಿಸಬಾರದು. ಜೊತೆಗೆ 14 ದಿನ ಝಿಂಕ್ ಮಾತ್ರೆ ಕೊಡಬೇಕು. ಇವೆರಡಕ್ಕೂ ಆಶಾ ಕಾರ್ಯಕರ್ತೆಯನ್ನು ಅಥವಾ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಕೇಳಿರಿ. 1971ರಲ್ಲಿ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿದಾಗ ಡಾ. ದಿಲೀಪ್ ಮಹಲನಬಿಸ್ ಅವರು ಇಂತಹುದೇ ಉಪ್ಪು-ಸಕ್ಕರೆಯ ದ್ರಾವಣದಿಂದ ಅಸಂಖ್ಯ ಜೀವಗಳನ್ನು ಉಳಿಸಿದರು.

ಎಂಟು ತಾಸು ಮೂತ್ರವಿಲ್ಲದಿರುವುದು, ಅತ್ತರೂ ಕಣ್ಣೀರು ಬಾರದಿರುವುದು, ಕಣ್ಣು ಅಥವಾ ನೆತ್ತಿ ಗುಳಿಬೀಳುವುದು, ಬಾಯಿ ಒಣಗುವುದು, ಮಂಪರು ಕವಿಯುವುದು, ಭೇದಿಯಲ್ಲಿ ರಕ್ತ ಕಾಣುವುದು, ಇವುಗಳಲ್ಲಿ ಒಂದು ಕಂಡರೂ ಮನೆಮದ್ದು ಮಾಡುತ್ತಾ ಕೂಡದೆ ಆಸ್ಪತ್ರೆಗೆ ಧಾವಿಸಿರಿ. ಕುಡಿಯುತ್ತಿದ್ದ ಮಗು ಒಮ್ಮೆಲೇ ಏನನ್ನೂ ನುಂಗಲೊಲ್ಲದಾದರೆ ಅದು ಹಟವಲ್ಲ, ಬಾಯಿಹುಣ್ಣೋ ಗಂಟಲ ನೋವೋ ಜ್ವರವೋ ಇರಬಹುದು. ಹಾಗೆಯೇ ಎಷ್ಟು ಕುಡಿದರೂ ದಾಹ ತೀರದೆ ಮೂತ್ರ ಹೆಚ್ಚಾದರೆ ರಕ್ತದ ಸಕ್ಕರೆಯನ್ನು ಪರೀಕ್ಷಿಸಬೇಕು.

ಅರಳಗುಂಡಗಿಯಲ್ಲಿ ಜನಿಸಿದ ಮಹಾದಾಸೋಹಿ ಶರಣಬಸವೇಶ್ವರರು ತಮ್ಮ ಹೊಲಕ್ಕೆ ಬಂದ ಹಕ್ಕಿಗಳನ್ನು ಓಡಿಸದೆ, ಕಾಳು ತಿನ್ನಲು ಬಿಟ್ಟು, ಕುಡಿಯಲು ನೀರಿಟ್ಟರೆಂಬ ಕಥೆಯನ್ನು ನಮ್ಮ ಸೀಮೆಯಲ್ಲಿ ಕೇಳದವರಿಲ್ಲ. ನೀರಿಟ್ಟವರು ಹಕ್ಕಿಯನ್ನು ಹಿಡಿದು ಕುಡಿಸಲಿಲ್ಲ. ದಾಹವಾದಾಗ ಅವೇ ಬಂದು ಕುಡಿದವು. ಮನೆಯ ಕೂಸಿಗೂ ಹಾಗೆಯೇ ಶುದ್ಧವಾದ ನೀರನ್ನು, ತಕ್ಕ ವಯಸ್ಸಿನಲ್ಲಿ, ಕೈಗೆಟುಕುವಲ್ಲಿ, ಪ್ರೀತಿಯಿಂದ ಇಡೋಣ.