ಪರನಾಡಿನಲ್ಲಿ ಒಂಟಿ ಪ್ರವಾಸಿ

‘ದೇಶ ಸುತ್ತು, ಕೋಶ ಓದು’ ಎಂಬುದು ಹಿರಿಯರ ನುಡಿ. ಕೋಶವನ್ನು ಓದಲು ಅಕ್ಷರಜ್ಞಾನ ಬೇಕೆಂಬುದು ಎಲ್ಲರಿಗೂ ತಿಳಿದ ಸಂಗತಿ. ದೇಶವನ್ನು ಸುತ್ತುವುದಕ್ಕೂ ಒಂದು ಬಗೆಯ ವಿದ್ಯೆ ಬೇಕೆಂಬುದು ಅಷ್ಟಾಗಿ ಯಾರ ಗಮನಕ್ಕೂ ಬರುವುದಿಲ್ಲ. ಗುಂಪಿನೊಡನೆ ಹೋದವನಿಗೆ ದಾರಿ ತೋರಲು ಮಾರ್ಗದರ್ಶಿಯಿರುತ್ತಾನೆ, ಮಾತಿಗೆ ಜೊತೆಗಾರರಿರುತ್ತಾರೆ, ಊಟ ವಸತಿಗಳ ಚಿಂತೆಯನ್ನು ಬೇರೊಬ್ಬರು ವಹಿಸಿಕೊಂಡಿರುತ್ತಾರೆ. ಒಂಟಿಯಾಗಿ ಹೊರಟವನಿಗೆ ಈ ಯಾವ ಆಸರೆಯೂ ಇಲ್ಲ. ಅವನು ತಾನೇ ನೋಡಬೇಕು, ತಾನೇ ಕೇಳಬೇಕು, ದಾರಿ ತಪ್ಪಿದರೆ ತಾನೇ ತಿದ್ದಿಕೊಳ್ಳಬೇಕು. ಆದುದರಿಂದಲೇ ಒಂಟಿ ಪ್ರವಾಸವು ಕಣ್ಣಿಗೆ ಹಬ್ಬವಾಗುವುದಕ್ಕೆ ಮೊದಲು ಮನಸ್ಸಿಗೆ ಪಾಠವಾಗುತ್ತದೆ.

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಶೆಟ್ಟಿಕೆರೆಯ ತರುಣನೊಬ್ಬನು ಥಾಯ್ಲೆಂಡಿನ ರಾಜಧಾನಿಯಾದ ಬ್ಯಾಂಕಾಕಿಗೆ ಒಬ್ಬನೇ ಹೋಗಿ, ಅಲ್ಲಿ ಒಂದು ಹಗಲನ್ನು ಕಳೆಯುವನೆಂದು ಭಾವಿಸಿದರೆ ಈ ಮಾತು ಸ್ಪಷ್ಟವಾಗುತ್ತದೆ. ಅವನು ಬೆಳೆದ ನಾಡು ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ತೆಂಗಿನ ಸೀಮೆ. ಕೆರೆ, ತೋಟ, ಗುಡಿ, ಸಂತೆ ಇವೇ ಅವನ ಕಣ್ಣಿಗೆ ಬಳಕೆಯಾದ ವಸ್ತುಗಳು. ಅವನು ಹೋಗುವ ನಗರವೋ ಸುತ್ತಣ ಪ್ರದೇಶವೂ ಸೇರಿದರೆ ಒಂದು ಕೋಟಿಗೂ ಹೆಚ್ಚು ಜನರಿರುವ ಮಹಾನಗರ. ಬೆಂಗಳೂರಿನಿಂದ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದಿರುತ್ತದೆ. ಪಂಚಾಂಗವಂತೂ ಇನ್ನೂ ಮುಂದೆ: ಥಾಯ್ ಜನರು ಬುದ್ಧಶಕವನ್ನು ಅನುಸರಿಸುವುದರಿಂದ ನಮ್ಮ 2025ನೆಯ ಇಸವಿ ಅವರಿಗೆ 2568.

ನಗರವನ್ನು ಪ್ರವೇಶಿಸಿದೊಡನೆ ಪ್ರವಾಸಿಗೆ ಆಗುವ ಮೊದಲ ಅನುಭವವೆಂದರೆ, ಓದುಬರಹ ಬಲ್ಲ ತಾನು ಇಲ್ಲಿ ನಿರಕ್ಷರಿ ಎಂಬುದು. ಹೆದ್ದಾರಿಗಳಲ್ಲಿಯೂ ರೈಲು ನಿಲ್ದಾಣಗಳಲ್ಲಿಯೂ ಇಂಗ್ಲಿಷ್ ಫಲಕಗಳುಂಟು. ಆದರೆ ಓಣಿಯೊಳಕ್ಕೆ ಕಾಲಿಟ್ಟರೆ ಅಂಗಡಿಯ ಹೆಸರು, ತಿಂಡಿಯ ಪಟ್ಟಿ, ಎಚ್ಚರಿಕೆಯ ಬರಹ ಎಲ್ಲವೂ ಬಹುಮಟ್ಟಿಗೆ ಥಾಯ್ ಲಿಪಿಯಲ್ಲಿಯೇ. ಕನ್ನಡ ಲಿಪಿಯಂತೆ ಆ ಲಿಪಿಯೂ ಬ್ರಾಹ್ಮಿಯಿಂದಲೇ ಹುಟ್ಟಿ ಬೆಳೆದುದು; ಆದರೂ ಒಂದಕ್ಷರವೂ ಅವನಿಗೆ ಒಲಿಯುವುದಿಲ್ಲ. ತಿಪಟೂರಿನ ಬಸ್ ನಿಲ್ದಾಣದಲ್ಲಿ ಫಲಕವನ್ನು ಓದಲಾರದ ಮುದುಕರು ‘ಈ ಬಸ್ಸು ಯಾವೂರಿಗಪ್ಪಾ?’ ಎಂದು ಕೇಳುವುದನ್ನು ಅವನು ಎಷ್ಟೋ ಸಲ ಕಂಡಿರಬಹುದು. ಅವಸರದಲ್ಲಿ ಉತ್ತರ ಹೇಳದೆ ಹೋಗಿಯೂ ಇರಬಹುದು. ಈಗ ಅದೇ ಪ್ರಶ್ನೆಯನ್ನು ಕೇಳಬೇಕಾದ ಸರದಿ ಅವನದು. ಅಕ್ಷರ ತಿಳಿಯದವನ ಅಳುಕು ಎಂತಹುದು, ಕೇಳಿದ ಪ್ರಶ್ನೆಗೆ ಯಾರಾದರೂ ನಿಂತು ಉತ್ತರ ಹೇಳಿದರೆ ಆಗುವ ಸಮಾಧಾನ ಎಂತಹುದು ಎಂಬುದನ್ನು ಯಾವ ಪುಸ್ತಕವೂ ಇಷ್ಟು ಬೇಗ ಕಲಿಸಲಾರದು. ವಿವೇಕಿಯಾದ ಪ್ರವಾಸಿಯು ತಾನು ತಂಗಿರುವ ಮನೆಯ ವಿಳಾಸವನ್ನು ಥಾಯ್ ಲಿಪಿಯಲ್ಲಿಯೇ ಬರೆಸಿ ಜೇಬಿನಲ್ಲಿಟ್ಟುಕೊಳ್ಳುತ್ತಾನೆ. ಬಾಯಿ ಸೋತಾಗ ಆ ಚೀಟಿಯೇ ಅವನ ಮಾತು.

ಕಣ್ಣಿಗೆ ಪರಕೀಯವಾದ ಭಾಷೆಯು ಕಿವಿಗೆ ಅಷ್ಟು ಪರಕೀಯವಲ್ಲ. 2006ರಲ್ಲಿ ತೆರೆದ ಅಲ್ಲಿನ ವಿಮಾನ ನಿಲ್ದಾಣದ ಹೆಸರು ‘ಸುವರ್ಣಭೂಮಿ’. ಅದರೊಳಗೆ ದೇವಾಸುರರು ವಾಸುಕಿಯನ್ನು ಹಗ್ಗವಾಗಿ ಹಿಡಿದು ಕಡಲನ್ನು ಕಡೆಯುವ ಬೃಹತ್ ಶಿಲ್ಪವಿದೆ. ಎದುರಾದವರು ಕೈ ಜೋಡಿಸಿ ‘ಸವತ್‌ದೀ’ ಎನ್ನುತ್ತಾರೆ. ಅದು ನಮ್ಮ ಶಾಸನಗಳ ಮೊದಲಲ್ಲಿ ಬರುವ ‘ಸ್ವಸ್ತಿ’ ಎಂಬ ಶಬ್ದದಿಂದಲೇ ಬಂದುದು. ಅವರು ಉಪಾಧ್ಯಾಯರನ್ನು ‘ಖ್ರೂ’ ಎನ್ನುತ್ತಾರೆ. ಅದರ ಮೂಲ ‘ಗುರು’. ‘ಆಹಾನ್’ ಎಂದರೆ ಆಹಾರ, ‘ವೇಲಾ’ ಎಂದರೆ ವೇಳೆ, ‘ಫಾಸಾ’ ಎಂದರೆ ಭಾಷೆ, ‘ನಖೋನ್’ ಎಂದರೆ ನಗರ. ಸಂಸ್ಕೃತ ಮತ್ತು ಪಾಳಿ ಭಾಷೆಗಳು ಒಂದು ಕಾಲದಲ್ಲಿ ವರ್ತಕರ, ಭಿಕ್ಷುಗಳ, ಪುರೋಹಿತರ ಜೊತೆಯಲ್ಲಿ ಕಡಲು ದಾಟಿದುದರ ಗುರುತುಗಳಿವು. ಕನ್ನಡವೂ ಅದೇ ಭಂಡಾರದಿಂದ ಪದಗಳನ್ನು ಪಡೆದ ಭಾಷೆ. ಆದುದರಿಂದ ಈ ಪದಗಳನ್ನು ಕೇಳಿದಾಗ ದೂರದ ನೆಂಟರ ಮನೆಯಲ್ಲಿ ಪರಿಚಿತ ಮುಖವೊಂದನ್ನು ಕಂಡಂತಾಗುತ್ತದೆ.

ಬ್ಯಾಂಕಾಕ್ ಎಂಬುದು ಪರದೇಶದವರು ಬಳಸುವ ಹೆಸರು. ಥಾಯ್ ಜನರು ತಮ್ಮ ರಾಜಧಾನಿಯನ್ನು ‘ಕ್ರುಂಗ್ ಥೇಪ್’, ಎಂದರೆ ‘ದೇವತೆಗಳ ನಗರ’ ಎಂದು ಕರೆಯುತ್ತಾರೆ. ಅವರ ಹಿಂದಿನ ರಾಜಧಾನಿ ಅಯುತ್ಥಯಾ. ಆ ಹೆಸರು ನಮ್ಮ ಅಯೋಧ್ಯೆಯದೇ. 1767ರಲ್ಲಿ ಬರ್ಮಾದ ಸೈನ್ಯವು ಅದನ್ನು ನಾಶಮಾಡಿತು. ಮುಂದೆ ಚಕ್ರಿ ವಂಶದ ಮೊದಲ ರಾಮನು 1782ರಲ್ಲಿ ಚಾವೊ ಫ್ರಯಾ ನದಿಯ ಪೂರ್ವದ ದಡದಲ್ಲಿ ಹೊಸ ರಾಜಧಾನಿಯನ್ನು ಕಟ್ಟಿದನು. ಆ ವಂಶದ ಅರಸರೆಲ್ಲ ‘ರಾಮ’ ಎಂಬ ಹೆಸರಿನಿಂದಲೇ ಎಣಿಕೆಗೊಳ್ಳುತ್ತಾರೆ. 2016ರಲ್ಲಿ ಪಟ್ಟಕ್ಕೆ ಬಂದವನು ಹತ್ತನೆಯ ರಾಮ.

ಪ್ರವಾಸಿಯು ಬೆಳಿಗ್ಗೆ ಎಂಟೂವರೆಗೆ ಅರಮನೆಯ ಬಾಗಿಲು ತೆರೆಯುವ ಹೊತ್ತಿಗೆ ಅಲ್ಲಿರುವುದು ಮೇಲು. ಬಿಸಿಲೂ ಕಡಿಮೆ, ಜನಸಂದಣಿಯೂ ಕಡಿಮೆ. ಭುಜ ಮತ್ತು ಮೊಣಕಾಲುಗಳನ್ನು ಮುಚ್ಚದ ಉಡುಪಿನವರಿಗೆ ಒಳಗೆ ಪ್ರವೇಶವಿಲ್ಲ. ಬಾಗಿಲ ಬಳಿಯಲ್ಲಿಯೇ ಒಂದು ಪರೀಕ್ಷೆಯೂ ಕಾದಿರಬಹುದು. ಸಭ್ಯನಂತೆ ತೋರುವವನೊಬ್ಬನು ಬಂದು, ‘ಇಂದು ಅರಮನೆಗೆ ರಜೆ, ಬೇರೆ ಗುಡಿಗಳನ್ನು ಅಲ್ಪ ಬಾಡಿಗೆಗೆ ತೋರಿಸಿಕೊಂಡು ಬರುತ್ತೇನೆ’ ಎನ್ನುತ್ತಾನೆ. ಅವನನ್ನು ನಂಬಿ ಹೊರಟವರು ಕೊನೆಗೆ ಸೇರುವುದು ರತ್ನದ ಅಂಗಡಿಯನ್ನು; ಅಲ್ಲಿ ಕೊಳ್ಳುವುದು ಬೆಲೆಬಾಳದ ಹರಳನ್ನು. ಬಹುಕಾಲದಿಂದ ನಡೆದುಬಂದಿರುವ ಈ ಮೋಸಕ್ಕೆ ಸುಲಭವಾಗಿ ಬಲಿಯಾಗುವವನು ಒಂಟಿ ಪ್ರವಾಸಿ. ಏಕೆಂದರೆ ‘ಸ್ವಲ್ಪ ತಾಳು’ ಎಂದು ಕೈ ಹಿಡಿದು ನಿಲ್ಲಿಸಲು ಅವನ ಪಕ್ಕದಲ್ಲಿ ಯಾರೂ ಇಲ್ಲ. ನಾಲ್ಕು ಹೆಜ್ಜೆ ಮುಂದೆ ನಡೆದು ಬಾಗಿಲನ್ನು ತಾನೇ ನೋಡುವುದು ಇದಕ್ಕಿರುವ ಮದ್ದು. ಒಬ್ಬ ಮೋಸಗಾರನಿಗಾಗಿ ಊರನ್ನೆಲ್ಲ ಶಂಕಿಸುವುದೂ ತಪ್ಪು, ಎಲ್ಲರನ್ನೂ ಕಣ್ಣು ಮುಚ್ಚಿ ನಂಬುವುದೂ ತಪ್ಪು. ಈ ಎರಡರ ನಡುವಣ ಹದವನ್ನು ಅರಿಯುವುದೇ ಪ್ರವಾಸಿಯ ಜಾಣ್ಮೆ.

ಅರಮನೆಯ ಆವರಣದಲ್ಲಿ ಪಚ್ಚೆಬುದ್ಧನ ಗುಡಿಯಿದೆ. ಹೆಸರಿಗೆ ಪಚ್ಚೆಯಾದರೂ ವಿಗ್ರಹವು ಹಸಿರು ಬಣ್ಣದ ಬೇರೊಂದು ಶಿಲೆಯದು. ಎತ್ತರ ಸುಮಾರು 66 ಸೆಂಟಿಮೀಟರು. ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ತಕ್ಕಂತೆ ವರ್ಷಕ್ಕೆ ಮೂರು ಬಾರಿ ಅದರ ವಸ್ತ್ರಾಭರಣಗಳನ್ನು ಬದಲಾಯಿಸುತ್ತಾರೆ. ಗುಡಿಯ ಸುತ್ತಣ ಕೈಸಾಲೆಯ ಗೋಡೆಗಳ ಮೇಲೆ 178 ಭಾಗಗಳಲ್ಲಿ ರಾಮಾಯಣದ ಕಥೆಯನ್ನು ಚಿತ್ರಿಸಲಾಗಿದೆ. ಥಾಯ್ ಜನರು ಅದನ್ನು ‘ರಾಮಕಿಯೆನ್’ ಎನ್ನುತ್ತಾರೆ. ರಾವಣನು ಅಲ್ಲಿ ‘ತೋಸಕನ್’, ಎಂದರೆ ದಶಕಂಠ. ಹನುಮಂತನು ಅಲ್ಲಿ ಬ್ರಹ್ಮಚಾರಿಯಲ್ಲ, ಸರಸಿ. ಬಾಗಿಲುಗಳನ್ನು ಕಾಯುವ ಕೋರೆದಾಡೆಯ ಬೃಹತ್ ಮೂರ್ತಿಗಳಿಗೆ ‘ಯಾಕ್’ ಎಂದು ಹೆಸರು. ಅದು ‘ಯಕ್ಷ’ ಶಬ್ದದ ರೂಪ. ಮೂಡಲಪಾಯ ಯಕ್ಷಗಾನದಲ್ಲಿ ಕಿರೀಟ ಭುಜಕೀರ್ತಿಗಳ ವೇಷವನ್ನು ಕಂಡ ತೆಂಗಿನ ಸೀಮೆಯವನಿಗೆ ಈ ಮೂರ್ತಿಗಳ ಮುಂದೆ ನಿಂತಾಗ ಬೆರಗೂ ಸಲಿಗೆಯೂ ಒಟ್ಟಿಗೇ ಉಂಟಾಗುತ್ತವೆ. ‘ನಮ್ಮ ಕಥೆಯನ್ನು ಇವರು ಕೆಡಿಸಿದ್ದಾರೆ’ ಎಂದು ಅವನು ಮುನಿದರೆ ನಷ್ಟ ಅವನಿಗೇ. ಒಂದು ಬೀಜವು ಬೇರೆ ಮಣ್ಣಿನಲ್ಲಿ ಬೇರೆ ರುಚಿಯ ಫಲ ಕೊಡುವುದು ಪ್ರಕೃತಿಧರ್ಮ.

ಅರಮನೆಯ ದಕ್ಷಿಣಕ್ಕೆ, ನಡೆದು ಹೋಗುವಷ್ಟು ದೂರದಲ್ಲಿ, ವಾಟ್ ಪೋ ಎಂಬ ವಿಹಾರವಿದೆ. ಅಲ್ಲಿ 46 ಮೀಟರು ಉದ್ದದ ಬುದ್ಧನು ಬಲಮಗ್ಗುಲಾಗಿ ಪವಡಿಸಿದ್ದಾನೆ. ಅವನ ಅಂಗಾಲುಗಳಲ್ಲಿ ಮುತ್ತಿನ ಚಿಪ್ಪಿನಿಂದ ಕೆತ್ತಿ ಕೂರಿಸಿದ 108 ಮಂಗಳ ಚಿಹ್ನೆಗಳಿವೆ. ಬಹುಮಂದಿ ಇದನ್ನು ನೋಡಿ ಹಿಂದಿರುಗುತ್ತಾರೆ. ನಿಧಾನವಾಗಿ ಸುತ್ತುವವನಿಗೆ ಇದಕ್ಕಿಂತ ದೊಡ್ಡ ಸೋಜಿಗವೊಂದು ಕಾಣುತ್ತದೆ. ಮೂರನೆಯ ರಾಮನು 1830ರ ದಶಕದಲ್ಲಿ ವೈದ್ಯ, ಅಂಗಮರ್ದನ, ಸಾಹಿತ್ಯ, ಇತಿಹಾಸ ಮೊದಲಾದ ವಿದ್ಯೆಗಳನ್ನು ಕಲ್ಲಿನ ಫಲಕಗಳ ಮೇಲೆ ಕೆತ್ತಿಸಿ ಇಲ್ಲಿ ನಿಲ್ಲಿಸಿದನು. ಬಂದವರು ಯಾರಾದರೂ ಓದಿ ತಿಳಿಯಲಿ ಎಂಬುದೇ ಇದರ ಉದ್ದೇಶ. ಯುನೆಸ್ಕೊ ಸಂಸ್ಥೆಯು 2011ರಲ್ಲಿ ಇವನ್ನು ವಿಶ್ವಸ್ಮೃತಿಯ ಪಟ್ಟಿಗೆ ಸೇರಿಸಿತು. ನಮ್ಮ ಶಾಸನಗಳು ದಾನವನ್ನೂ ವೀರರನ್ನೂ ಕಲ್ಲಿನಲ್ಲಿ ಉಳಿಸಿದುವು. ಇವು ಮದ್ದನ್ನೂ ವಿದ್ಯೆಯನ್ನೂ ಉಳಿಸಿವೆ.

ನಡುಹಗಲಿನ ಬಿಸಿಲಿಗೆ ಬಾಯಾರಿದವನ ಕೈಗೆ ಎಳನೀರು ಬರುತ್ತದೆ. ಆದರೆ ಅದು ಅವನ ಊರಿನ ಎಳನೀರಲ್ಲ. ಗಿಡ್ಡ ಜಾತಿಯ ಮರದ ಆ ಕಾಯಿಯ ಹಸಿರು ಸಿಪ್ಪೆಯನ್ನು ಪೂರ್ತಿಯಾಗಿ ಕೆತ್ತಿ, ಬಿಳಿಯ ಬುಗುರಿಯಂತೆ ಮಾಡಿ ಮಂಜಿನಲ್ಲಿ ಇಟ್ಟಿರುತ್ತಾರೆ. ‘ನಾಮ್ ಹೋಮ್’, ಎಂದರೆ ಸುಗಂಧದ ನೀರು, ಎಂಬುದು ಆ ತಳಿಯ ಹೆಸರು. ಬಲಿತ ಕಾಯನ್ನು ತುರಿದು ಹಿಂಡಿದ ಹಾಲು ಅಲ್ಲಿನ ಸಾರಿಗೂ ಸಿಹಿಗೂ ಜೀವಾಳ. ತಿಪಟೂರಿನ ಸೀಮೆಯಲ್ಲಾದರೋ ಬಲಿತ ಕಾಯನ್ನು ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಇಟ್ಟು, ಒಳಗಿನ ನೀರು ತಾನಾಗಿ ಇಂಗಿ ಉಂಡೆ ಕೊಬ್ಬರಿಯಾಗುವವರೆಗೆ ಕಾಯುತ್ತಾರೆ. ಮರ ಒಂದೇ, ಒಂದು ನಾಡು ಅದರ ರಸವನ್ನು ಬಳಸಿಕೊಂಡಿತು, ಇನ್ನೊಂದು ನಾಡು ರಸ ಆರುವವರೆಗೆ ತಾಳ್ಮೆಯಿಂದ ಕಾದಿತು. ತನ್ನ ಮನೆಯ ಅಟ್ಟವನ್ನು ಗಮನಿಸಿ ಬಂದವನಿಗೆ ಮಾತ್ರ ಈ ಹೋಲಿಕೆ ಹೊಳೆಯುತ್ತದೆ.

ವಾಟ್ ಪೋ ಬಳಿಯ ಕಟ್ಟೆಯಿಂದ ದೋಣಿಯಲ್ಲಿ ನದಿಯನ್ನು ದಾಟಿದರೆ ಎದುರು ದಡದಲ್ಲಿ ವಾಟ್ ಅರುಣ್. ಸೂರ್ಯನ ಸಾರಥಿಯಾದ ಅರುಣನ ಹೆಸರಿನ ಈ ಗುಡಿಯ ಶಿಖರಕ್ಕೆ ಚೀನೀ ಪಿಂಗಾಣಿಯ ಬಣ್ಣದ ಚೂರುಗಳನ್ನು ಹೂವಿನಂತೆ ಜೋಡಿಸಿದ್ದಾರೆ. ತುರುವೇಕೆರೆಯ ಹೊಯ್ಸಳ ದೇವಾಲಯಗಳಲ್ಲಿ ಕಲ್ಲು ಹೂವಾಗಿದ್ದರೆ, ಇಲ್ಲಿ ಒಡೆದ ಪಿಂಗಾಣಿ ಹೂವಾಗಿದೆ. ನದಿಯ ಉದ್ದಕ್ಕೂ ಓಡಾಡುವ ದೋಣಿಗಳ ಬಗೆಯನ್ನು ಅವುಗಳ ಬಾವುಟದ ಬಣ್ಣದಿಂದ ಗುರುತಿಸಬಹುದು. ಅಕ್ಷರ ಬಾರದವನಿಗೆ ಇದೊಂದು ದೊಡ್ಡ ಉಪಕಾರ.

ಈ ನಗರವು ಒಂದು ಕಾಲದಲ್ಲಿ ಕಾಲುವೆಗಳ ನಗರವಾಗಿತ್ತು. ‘ಖ್ಲಾಂಗ್’ ಎಂಬ ಆ ಕಾಲುವೆಗಳೇ ಅದರ ಬೀದಿಗಳು, ದೋಣಿಗಳೇ ಬಂಡಿಗಳು. 1860ರ ದಶಕದಿಂದ ಹೊಸ ಮಾದರಿಯ ರಸ್ತೆಗಳು ಬಂದುವು; ಮುಂದೆ ಎಷ್ಟೋ ಕಾಲುವೆಗಳನ್ನು ಮುಚ್ಚಿ ರಸ್ತೆ ಮಾಡಿದರು. 2011ರ ಮಹಾಪೂರದಲ್ಲಿ ನಗರದ ಉತ್ತರ ಭಾಗವೂ ಹೊರವಲಯಗಳೂ ವಾರಗಟ್ಟಲೆ ನೀರಿನಲ್ಲಿ ನಿಂತವು. ನೀರಿನ ದಾರಿಯನ್ನು ಮುಚ್ಚಿದರೆ ನೀರು ಮನೆಯ ದಾರಿ ಹಿಡಿಯುತ್ತದೆ ಎಂಬುದಕ್ಕೆ ಬೆಂಗಳೂರೂ ಸಾಕ್ಷಿ. ಅಲ್ಲಿನ ಕೆಂಪೇಗೌಡ ಬಸ್ ನಿಲ್ದಾಣವಿರುವುದು ಹಿಂದಿನ ಧರ್ಮಾಂಬುಧಿ ಕೆರೆಯ ಅಂಗಳದಲ್ಲಿ. ಕಂಠೀರವ ಕ್ರೀಡಾಂಗಣವಿರುವುದು ಸಂಪಂಗಿ ಕೆರೆಯ ಜಾಗದಲ್ಲಿ. ಹೆಸರಿನಲ್ಲಿಯೇ ಕೆರೆಯನ್ನು ಹೊತ್ತ ಊರಿನವನು ಪರದೇಶದ ಕಾಲುವೆಯ ದಡದಲ್ಲಿ ನಿಂತು ಯೋಚಿಸಬೇಕಾದ ವಿಷಯವಿದು.

ಸಂಜೆ ಆರು ಗಂಟೆಗೆ ರೈಲು ನಿಲ್ದಾಣ, ಉದ್ಯಾನ ಮೊದಲಾದ ಸ್ಥಳಗಳಲ್ಲಿ ರಾಷ್ಟ್ರಗೀತೆ ಕೇಳಿಬರುತ್ತದೆ. ಅವಸರದಲ್ಲಿ ನಡೆಯುತ್ತಿದ್ದ ಜನರು ಇದ್ದಲ್ಲಿಯೇ ನಿಲ್ಲುತ್ತಾರೆ. ಪ್ರವಾಸಿಯೂ ನಿಲ್ಲಬೇಕು, ಅತಿಥಿಯ ಮೊದಲ ಧರ್ಮ ಮನೆಯವರ ನಡೆಯನ್ನು ಗೌರವಿಸುವುದು. ರಾತ್ರಿಯ ಊಟವು ಸಸ್ಯಾಹಾರಿಗೆ ಸ್ವಲ್ಪ ಕಷ್ಟ, ಏಕೆಂದರೆ ಅಲ್ಲಿ ಬಹುತೇಕ ಅಡುಗೆಗೆ ಮೀನಿನ ರಸ ಬೀಳುತ್ತದೆ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿಗಳಲ್ಲಿ ಮಾಂಸ ಮೀನುಗಳಿಲ್ಲದ ಅಡುಗೆ ದೊರೆಯುತ್ತದೆ. ಬೀದಿಬದಿಯಲ್ಲಿ ಗುಳಿಗಳಿರುವ ಹಂಚಿನ ಮೇಲೆ ಅಕ್ಕಿಹಿಟ್ಟು ಮತ್ತು ತೆಂಗಿನ ಹಾಲನ್ನು ಹುಯ್ದು ಬೇಯಿಸುವ ‘ಖನೋಮ್ ಕ್ರೋಕ್’ ಎಂಬ ತಿಂಡಿಯನ್ನು ಕಂಡರೆ ಅವನಿಗೆ ಮನೆಯ ಪಡ್ಡು ನೆನಪಾಗದಿರದು. ಇರುಳೆಲ್ಲ ತೆರೆದಿರುವ ಪಾಕ್ ಖ್ಲಾಂಗ್ ತಲಾಟ್ ಎಂಬ ಹೂವಿನ ಪೇಟೆಯಲ್ಲಿ ಮಲ್ಲಿಗೆ, ಚೆಂಡುಹೂಗಳ ರಾಶಿಯ ಮುಂದೆ ಹೆಂಗಸರು ಕುಳಿತು ಮಾಲೆ ಕಟ್ಟುತ್ತಿರುತ್ತಾರೆ. ಅವರ ಮಾತು ಅವನಿಗೆ ತಿಳಿಯದು. ಬೆರಳುಗಳ ಕೆಲಸ ಮಾತ್ರ ಪೂರ್ತಿಯಾಗಿ ತಿಳಿಯುತ್ತದೆ.

ಹೀಗೆ ಕಳೆದ ಒಂದು ಹಗಲಿನಲ್ಲಿ ಅವನು ಎಷ್ಟು ಸ್ಥಳಗಳನ್ನು ನೋಡಿದನೆಂಬ ಲೆಕ್ಕ ಮುಖ್ಯವಲ್ಲ. ನೂರು ಸ್ಥಳಗಳ ಭಾವಚಿತ್ರಗಳನ್ನು ತೆಗೆದುಕೊಂಡು, ಹೋದಂತೆಯೇ ಹಿಂದಿರುಗುವವರೂ ಉಂಟು. ತನ್ನ ಊರಿನ ಕೆರೆ, ತೋಟ, ಗುಡಿಗಳನ್ನು ಅರಿತವನಿಗೆ ಪರನಾಡಿನಲ್ಲಿ ಹೋಲಿಸಿ ನೋಡಲು ಅಳತೆಗೋಲೊಂದಿರುತ್ತದೆ; ಅದಿಲ್ಲದವನಿಗೆ ಎಲ್ಲವೂ ಬರಿಯ ಬಣ್ಣ, ಬರಿಯ ಗದ್ದಲ. ಮನೆಯ ಅರಿವು ಹೊರಗಿನ ದಾರಿಗೆ ದೀಪವಾದರೆ, ಹೊರಗಿನ ಅನುಭವ ಮನೆಯನ್ನು ಹೊಸದಾಗಿ ಕಾಣಿಸುತ್ತದೆ. ಇದಕ್ಕಿಂತ ಮಿಗಿಲಾದ ಇನ್ನೊಂದು ಲಾಭವೂ ಉಂಟು. ಮಾತು ಬಾರದ, ಅಕ್ಷರ ತಿಳಿಯದ ಊರಿನಲ್ಲಿ ಒಂದು ದಿನ ಅಪರಿಚಿತನಾಗಿ ಇದ್ದವನು ಅಪರಿಚಿತರ ಕಷ್ಟವನ್ನು ಬಲ್ಲವನಾಗುತ್ತಾನೆ. ಕೆಲಸವನ್ನು ಅರಸಿ ದೂರದ ರಾಜ್ಯದಿಂದ ಬಂದವನೊಬ್ಬನು ಕೈಯಲ್ಲಿ ವಿಳಾಸದ ಚೀಟಿ ಹಿಡಿದು ತಿಪಟೂರಿನ ಬೀದಿಯಲ್ಲಿ ನಿಂತಿದ್ದರೆ, ಅವನು ಕೇಳುವವರೆಗೆ ಕಾಯದೆ ಹತ್ತಿರ ಹೋಗಿ ದಾರಿ ತೋರಿಸುವ ಮನಸ್ಸು ಯಾರಿಗೆ ಬರುವುದೋ ಅವರೇ ನಿಜವಾಗಿ ದೇಶ ಸುತ್ತಿದವರು.